ಒಗ್ಗರಣೆ ಫಕೀರವ್ವ ತಂದ ಹೆಪ್ಪು

ನನ್ನ ಸಿಟ್ಟಿನ ಬಗ್ಗೆ ಊರವರು ಆಡಿಕೊಳ್ಳುವುದರಲ್ಲಿ ಅರ್ಧ ಸುಳ್ಳು. ಪಂಚಾಯ್ತಿ ಗುಮಾಸ್ತನ ತಲೆಯ ಮೇಲೆ ಪಂಕ್ಚರ್ ನೋಡುವ ನೀರಿನ ಬೋಗುಣಿ ಸುರಿದೆ ಎನ್ನುತ್ತಾರೆ; ಸುರಿದದ್ದು ಕಾಲಿನ ಮೇಲೆ. ಮದುವೆಯ ಮೆರವಣಿಗೆ ನಿಲ್ಲಿಸಿ ಬ್ಯಾಂಡಿನವನ ತುತ್ತೂರಿ ಕಸಿದುಕೊಂಡದ್ದು ನಿಜ. ಆದರೆ ಅವನು ನನ್ನ ಅಂಗಡಿಯ ಎದುರಿಗೇ ನಿಂತು ಒಂದೇ ಹಾಡನ್ನು ಎಷ್ಟು ಸಲ ಊದಿದ ಎಂಬುದನ್ನು ಯಾರೂ ಹೇಳುವುದಿಲ್ಲ. ಅಪ್ಪ ಬಿಟ್ಟುಹೋದ ಸೈಕಲ್ ಅಂಗಡಿಯನ್ನು ಬಹಳ ವರ್ಷಗಳಿಂದ ಒಬ್ಬಳೇ ನಡೆಸುತ್ತಿದ್ದೇನೆ. ಸಾಸಿವೆ ಸಿಡಿದ ಹಾಗೆ ಸಿಡಿಯುತ್ತೇನೆಂದು ಊರು ನನ್ನನ್ನು ಒಗ್ಗರಣೆ ಫಕೀರವ್ವ ಎಂದು ಕರೆಯುತ್ತದೆ. ಹೆಸರು ಚೆನ್ನಾಗಿದೆ ಎಂದು ನಾನೂ ಸುಮ್ಮನಿದ್ದೇನೆ.

ನಮ್ಮೂರಲ್ಲಿ ಮಾಗಿಯ ಮೊದಲ ಗಟ್ಟಿ ಚಳಿ ಬಿದ್ದಾಗ ಹೆಪ್ಪು ಸಾಯುತ್ತದೆ. ಎಲ್ಲ ಮನೆಗಳಲ್ಲೂ ಒಟ್ಟಿಗೇ ಸಾಯುತ್ತದೆ. ಬೆಳಗ್ಗೆ ಎದ್ದು ನೋಡಿದರೆ ಗಡಿಗೆಯಲ್ಲಿ ನಿನ್ನೆ ಹೆಪ್ಪು ಹಾಕಿದ ಹಾಲು ಹಾಲಾಗಿಯೇ ಕುಳಿತಿರುತ್ತದೆ. ಆಮೇಲೆ ಯಾರಾದರೊಬ್ಬರು ಗುಡ್ಡದ ಸಾಲಿನ ಆಚೆ, ಗೌಳಿಗರ ಹಟ್ಟಿಗೆ ಸೈಕಲ್ ತುಳಿದುಕೊಂಡು ಹೋಗಿ, ಒಂದು ಕುಡಿಕೆ ಹೆಪ್ಪನ್ನು ಹೊಟ್ಟೆಗೆ ಕಟ್ಟಿಕೊಂಡು ತರಬೇಕು. ಊರಿನ ಎಲ್ಲ ಮನೆಗೂ ಅದರಿಂದಲೇ ಒಂದೊಂದು ಚಮಚ. ಆ ಮೊಸರಿನಿಂದ ಮರುದಿನದ ಮೊಸರು, ಅದರಿಂದ ಅದರ ಮರುದಿನದ್ದು, ಹೀಗೆ ಮುಂದಿನ ಮಾಗಿಯವರೆಗೆ.

ತಂದವರ ಮನಸ್ಸು ದಾರಿಯಲ್ಲಿ ಹೇಗಿತ್ತೋ ವರ್ಷವಿಡೀ ಊರಿನ ಮೊಸರು ಹಾಗೆ. ಇದಕ್ಕೆ ಯಾರೂ ಏನೂ ಮಾಡುವಂತಿಲ್ಲ, ಹೊಂದಿಕೊಂಡಿದ್ದೇವೆ. ಹೊಸದಾಗಿ ಮದುವೆಯಾದ ಬಡಿಗೇರ ಹುಡುಗ ತಂದ ವರ್ಷ ಮೊಸರು ಎಷ್ಟು ಸಿಹಿಯಾಗಿತ್ತೆಂದರೆ ಮರುವರ್ಷ ಊರ ತುಂಬ ತೊಟ್ಟಿಲು. ಅಣ್ಣತಮ್ಮಂದಿರ ಜೊತೆ ಕೋರ್ಟಿಗೆ ಅಲೆಯುತ್ತಿದ್ದವನೊಬ್ಬ ತಂದ ವರ್ಷ ಬರೀ ಗಂಟುಗಂಟು. ಒಮ್ಮೆ ಬಸ್ಸಿನಲ್ಲಿ ತಂದು ನೋಡಿದರು. ಬಸ್ಸಿನಲ್ಲಿದ್ದವರ ಮನಸ್ಸೆಲ್ಲ ಬೆರೆತು ಒಂದು ತುತ್ತಿಗೆ ನಗು, ಮತ್ತೊಂದು ತುತ್ತಿಗೆ ಅಳು, ಊಟಕ್ಕೆ ಕುಳಿತ ಬೀಗರು ಗಾಬರಿಯಾಗಿ ಎದ್ದುಹೋದರು. ಇನ್ನೊಮ್ಮೆ ಮೋಟಾರ್ ಸೈಕಲ್ಲಿನಲ್ಲಿ ತಂದರು. ಅಷ್ಟು ಜೋರಿನಲ್ಲಿ ಮನಸ್ಸು ಹಿಂದೆಯೇ ಉಳಿದುಬಿಡುತ್ತದೋ ಏನೋ, ಮೊಸರಿಗೆ ರುಚಿಯೇ ಇರಲಿಲ್ಲ, ಸುಣ್ಣದ ತಿಳಿ ಕುಡಿದ ಹಾಗಿತ್ತು. ಕಡೆಗೆ ಸೈಕಲ್ಲೇ ಸರಿ ಎಂದಾಯಿತು.

ನಾನು ಚಿಕ್ಕವಳಿದ್ದಾಗ ಒಂದು ವರ್ಷ ಅಪ್ಪ ತಂದಿದ್ದ. ಅವ್ವ ತೀರಿಕೊಂಡು ಇನ್ನೂ ತಿಂಗಳಾಗಿರಲಿಲ್ಲ. ಆ ವರ್ಷ ಅಪ್ಪನ ಪಾಳಿ ಎಂದು ಮೊದಲೇ ಗೊತ್ತಾಗಿತ್ತು, ಬೇಡ ಎಂದು ಅವನಿಗೆ ಹೇಳುವ ಎದೆ ಯಾರಿಗೂ ಇರಲಿಲ್ಲ. ಅವನು ತಂದ ಹೆಪ್ಪಿನಿಂದ ಆದದ್ದು ಮೊಸರಲ್ಲ, ನೀರು. ತಟ್ಟೆಗೆ ಹಾಕಿದರೆ ಅನ್ನದ ಕೆಳಗೆ ಹರಿದು ಹೋಗುತ್ತಿತ್ತು. ಅದನ್ನು ಇಡೀ ಊರು ವರ್ಷಪೂರ್ತಿ ಉಂಡಿತು. ಮದುವೆಗಳಲ್ಲಿ ಬಡಿಸಿದರು, ಬಾಣಂತಿಯರು ಉಂಡರು. ಅಪ್ಪನ ಎದುರಿಗೆ ಒಬ್ಬರೂ ಒಂದು ಮಾತು ಆಡಲಿಲ್ಲ. ನಮ್ಮ ಪಕ್ಕದ ಮನೆಯ ದುಂಡವ್ವ ಮಾತ್ರ, "ಈ ವರ್ಸದ ಮಜ್ಜಿಗಿ ಭಾಳ ತಂಪೈತಿ ನೋಡಪಾ" ಎಂದು ಕೊಂಡಾಡುತ್ತಿದ್ದಳು. ಅವತ್ತಿನಿಂದ ನನಗೆ ಒಂದೇ ಆಸೆ. ಒಂದು ಸಲ, ಒಂದೇ ಸಲ, ಈ ಊರಿಗೆ ನಾನು ಹೆಪ್ಪು ತರಬೇಕು. ನಮ್ಮ ಮನೆಯಿಂದ ಈ ಊರಿಗೆ ಒಂದು ಗಟ್ಟಿ ಮೊಸರು ಸಲ್ಲಬೇಕು.

ಆದರೆ ಒಗ್ಗರಣೆ ಫಕೀರವ್ವನನ್ನು ಯಾರು ಕಳಿಸುತ್ತಾರೆ? ಎಷ್ಟೋ ವರ್ಷದಿಂದ ತರುತ್ತಿದ್ದವನು ಗುರುಸಿದ್ದ. ಬೇರೆಯವರು ತನ್ನ ಕಾಲು ತುಳಿದರೂ ತಾನೇ ಕ್ಷಮೆ ಕೇಳುವಂಥ ಮನುಷ್ಯ. ಅವನು ತರುವ ಮೊಸರೂ ಹಾಗೇ, ಸಪ್ಪೆ, ಯಾರಿಗೂ ತೊಂದರೆಯಿಲ್ಲ. ಪ್ರತಿ ಮಾಗಿಗೂ ಅವನ ಸೈಕಲ್ಲಿಗೆ ಎಣ್ಣೆ ಬಿಟ್ಟು, ಗಾಳಿ ತುಂಬಿ, ಬ್ರೇಕು ಬಿಗಿದು ಕಳಿಸುತ್ತಿದ್ದವಳು ನಾನು. ಅವನು ತಿರುವಿನಲ್ಲಿ ಮರೆಯಾಗುವವರೆಗೆ ನಿಂತು ನೋಡುತ್ತಿದ್ದವಳೂ ನಾನೇ.

ಹೋದ ಮಾಗಿಯಲ್ಲಿ ಹೆಪ್ಪು ಸತ್ತ ಬೆಳಗ್ಗೆಯೇ ಗುರುಸಿದ್ದನಿಗೆ ಗದ್ದಬಾವು ಎದ್ದಿತು. ಮುಖ ಕುಂಬಳಕಾಯಿಯಾಗಿ, ಗದ್ದಕ್ಕೆ ಬಟ್ಟೆ ಕಟ್ಟಿಕೊಂಡು ಮಲಗಿದ. ಹಿರಿಯರು ಕಟ್ಟೆಯ ಮೇಲೆ ಸೇರಿದರು. ಊರಿನ ಗಂಡಸರೆಲ್ಲ ಮೋಟಾರ್ ಸೈಕಲ್ ಕೊಂಡು ಸೈಕಲ್ ತುಳಿಯುವುದನ್ನೇ ಮರೆತಿದ್ದರು. ತುಳಿಯಬಲ್ಲ ಇಬ್ಬರಲ್ಲಿ ಒಬ್ಬನಿಗೆ ಮಂಡಿನೋವು, ಇನ್ನೊಬ್ಬನ ಮನೆಯಲ್ಲಿ ಅತ್ತೆಸೊಸೆಯ ಜಗಳ. ನಾನು ಕೈಗೆ ಹತ್ತಿದ ಮಸಿಯನ್ನು ಒರೆಸಿಕೊಳ್ಳುತ್ತ ಹೋಗಿ ಕಟ್ಟೆಯ ಮುಂದೆ ನಿಂತೆ.

"ನಾ ಹೋಗ್ತೀನ್ರಿ."

ಹಿರಿಯರಲ್ಲಿ ಹಿರಿಯನಾದ ಬಾಳಪ್ಪಜ್ಜ ನನ್ನನ್ನು ನೋಡಿದ, ಆಕಾಶ ನೋಡಿದ, ಮತ್ತೆ ನನ್ನನ್ನು ನೋಡಿದ. "ಫಕೀರವ್ವಾ, ತಪ್ಪು ತಿಳೀಬ್ಯಾಡ. ವರ್ಸಗಟ್ಟಲೆ ಉಣ್ಣೂದು ಐತಿ. ನೀ ದಾರ್‍ಯಾಗ ಒಂದ್ಸಲ ಸಿಡದರ ಊರಿನ ಬಾಯೆಲ್ಲಾ ಹುಳಿ."

"ಸಿಡಿಯೂದಿಲ್ಲ."

"ಈಗ ನಾ ಹಿಂಗ ಅಂದದ್ದಕ್ಕ ನಿನ್ನ ಮೂಗು ಕೆಂಪಾಗೈತಿ."

"ಚಳಿಗೆ ಕೆಂಪಾಗೈತ್ರಿ ಅಜ್ಜಾರ!" ಎಂದು ಕೂಗಿದೆ. ಕಟ್ಟೆಯ ಹಿಂದಿದ್ದ ಕೋಳಿಗಳು ಹಾರಿದವು. ಆದರೂ ಬೇರೆ ದಾರಿಯಿರಲಿಲ್ಲ. ಬಾಳಪ್ಪಜ್ಜ ನಿಟ್ಟುಸಿರುಬಿಟ್ಟು ಒಪ್ಪಿಕೊಂಡ.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಕಚ್ಚೆ ಹಾಕಿ ಸೀರೆ ಉಟ್ಟು, ಅಪ್ಪನ ಹಳೆಯ ಕೋಟು ತೊಟ್ಟು, ಕಿವಿಗೆ ಮಫ್ಲರ್ ಸುತ್ತಿ ಹೊರಟೆ. ಸೈಕಲ್ಲೂ ಅಪ್ಪನದೇ. ಅದರ ಒಂದೊಂದು ಕಡ್ಡಿಯನ್ನೂ ನಾನೇ ಕೂಡಿಸಿದ್ದು. ಊರು ದಾಟಿದ ಕೂಡಲೇ ಮಂಜು ಎಷ್ಟಿತ್ತೆಂದರೆ ಮುಂದಿನ ಗಾಲಿ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಹಿಡಿಕೆಯ ಮೇಲಿನ ಬೆರಳುಗಳು ನನ್ನವೋ ಇನ್ನೊಬ್ಬರವೋ ತಿಳಿಯದು. ಇಳಿಯೋ ದಿಬ್ಬದಲ್ಲಿ ಜರ್ರನೆ ಜಾರಿದೆ. ಹೆಪ್ಪು ತರುವವರೆಲ್ಲ ವಾಪಸ್ ಬರುವಾಗ ಅಲ್ಲಿ ಸೈಕಲ್ಲಿನಿಂದ ಇಳಿದು ತಳ್ಳಿಕೊಂಡೇ ಹತ್ತುತ್ತಾರೆ, ಅದಕ್ಕೇ ಆ ಹೆಸರು. ಅಪ್ಪನೂ ಇಳಿದಿದ್ದನಂತೆ. ದಿಬ್ಬದ ಕೆಳಗೆ ಮಂಜು ಹರಿದು ಬಿಸಿಲು ಬಿತ್ತು. ಎರಡೂ ಕಡೆ ಬಿಳಿಜೋಳ ಆಳೆತ್ತರ ನಿಂತಿತ್ತು. ತೆನೆಯಿಂದ ತೆನೆಗೆ ಜೇಡರ ಬಲೆ, ಬಲೆಯ ತುಂಬ ಇಬ್ಬನಿ. ಕಡಲೆಯ ಹೊಲಗಳಲ್ಲಿ ಹೆಂಗಸರು ಗಿಡಗಳ ಮೇಲೆ ತೆಳ್ಳನೆಯ ಬಟ್ಟೆ ಎಳೆದು, ಎಲೆಯ ಮೇಲಿನ ಹುಳಿನೀರನ್ನು ಹಿಂಡಿ ಕೊಡಕ್ಕೆ ತುಂಬಿಕೊಳ್ಳುತ್ತಿದ್ದರು. ನನ್ನನ್ನು ಕಂಡು ಒಬ್ಬಳು, "ಅಯ್ಯ, ಈ ಸಲ ಹೆಣ್ಮಗಳು!" ಎಂದು ಕೂಗಿದಳು. ನಾನು ಗಂಟೆ ಬಾರಿಸಿದೆ. ಅಷ್ಟು ಸುಖವಾಗಿ ನಾನು ಯಾವತ್ತೂ ಗಂಟೆ ಬಾರಿಸಿರಲಿಲ್ಲ.

ಹಟ್ಟಿ ಮುಟ್ಟಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಎಮ್ಮೆಗಳ ನಡುವೆ ಕುಳಿತಿದ್ದ ಠಕೂಬಾಯಿ ಎಂಬ ಮುದುಕಿ ನನಗೆ ಬಿಸಿ ಹಾಲು ಕೊಟ್ಟು, ಅಂಗೈಯಗಲದ ಮಣ್ಣಿನ ಕುಡಿಕೆಗೆ ಹೆಪ್ಪು ಹಾಕಿ, ಬಾಯಿಗೆ ಬಟ್ಟೆ ಬಿಗಿದು, ಕೌದಿಯ ತುಂಡಿನಲ್ಲಿ ಸುತ್ತಿ ನನ್ನ ಹೊಟ್ಟೆಗೆ ಕಟ್ಟಿದಳು. "ಬಿಚ್ಚಬ್ಯಾಡ, ಬ್ಯಾರೆದವರ ಕೈಗೆ ಕೊಡಬ್ಯಾಡ. ಮತ್ತ, ಮಗಳ, ನೀ ಹ್ಯಾಂಗದಿ ಹಂಗ ಇರು. ನಾಟಕ ಮಾಡಿದವರ ಮೊಸರು ನಾರತೈತಿ" ಎಂದಳು.

ಅದು ಎಷ್ಟು ಕಷ್ಟವೆಂದು ಮೊದಲನೆಯ ಹಳ್ಳಿಯಲ್ಲೇ ಗೊತ್ತಾಯಿತು. ಹೆಪ್ಪು ಹೊತ್ತವರನ್ನು ಬೇಸರಪಡಿಸಬಾರದೆಂದು ದಾರಿಯ ಹಳ್ಳಿಗಳವರಿಗೆಲ್ಲ ತಿಳಿದಿದೆ. ಅವರು ನಾಯಿಗಳನ್ನು ಕಟ್ಟುತ್ತಾರೆ, ಜಗಳಗಳನ್ನು ನಾಳೆಗೆ ಮುಂದೂಡುತ್ತಾರೆ, ಒಳ್ಳೆಯ ಸುದ್ದಿಗಳನ್ನು ಕೂಡಿಟ್ಟುಕೊಂಡು ದಾರಿಯ ಬದಿಗೆ ಬಂದು ನಿಲ್ಲುತ್ತಾರೆ. "ನಮ್ಮ ಎಮ್ಮಿ ಹೆಣ್ಗರ ಹಾಕೈತ್ರಿ!" "ನನ್ನ ಮಗಳ ಲಗ್ನ ಗೊತ್ತಾತ್ರಿ!" ಅದೆಲ್ಲ ಸರಿ. ಆದರೆ ನನ್ನ ಹೆಸರು ನನಗಿಂತ ಮೊದಲೇ ಅಲ್ಲಿಗೆ ಮುಟ್ಟಿತ್ತು. ಎಲ್ಲರೂ ಸಿಡಿಮದ್ದಿನ ಚೀಲ ನೋಡಿದ ಹಾಗೆ ನನ್ನನ್ನು ನೋಡುತ್ತ, ಹಲ್ಲು ಕಿಸಿದುಕೊಂಡು, ಪಿಸುಮಾತಿನಲ್ಲಿ ಮಾತಾಡುತ್ತಿದ್ದರು. ಒಬ್ಬ ಕುರಿಗಾರ ನನ್ನನ್ನು ಕಂಡದ್ದೇ ಇಡೀ ಹಿಂಡನ್ನು ಕಾಲುವೆಗೆ ತಳ್ಳಿ ದಾರಿ ಬಿಟ್ಟ. ಇನ್ನೊಬ್ಬ ಕೈಮುಗಿದು, "ಅಕ್ಕಾರು ಭಾಳ ಶಾಂತ ಸ್ವಭಾವದವರು" ಎಂದ. ನನ್ನ ಹೊಟ್ಟೆಯ ಮೇಲಿನ ಕುಡಿಕೆ ಗುಳುಕ್ ಎಂದಿತು. ಮುಟ್ಟಿ ನೋಡಿದೆ, ಬೆಚ್ಚಗಾಗಿತ್ತು. ಶಿವನೇ, ಸಮಾಧಾನ ಕೊಡು ಎಂದು ತುಳಿದೆ. ಹಸಿ ಕಡಲೆಯ ಸುಲಗಾಯಿ ಸುಟ್ಟು ತಿನ್ನುತ್ತಿದ್ದ ಹೆಂಗಸರು ಸೆರಗಿಗೆ ನಾಲ್ಕು ಕಾಯಿ ಹಾಕಿದರು, ಅದನ್ನು ಸುಲಿದು ತಿಂದೆ, ಸ್ವಲ್ಪ ತಣ್ಣಗಾಯಿತು.

ಇಳಿಯೋ ದಿಬ್ಬಕ್ಕೆ ಇನ್ನೂ ಒಂದು ಹರದಾರಿ ಇರುವಾಗ ಬಂಡಿದಾರಿ ಬಂದು ಸೇರುವಲ್ಲಿ ಒಬ್ಬ ಮೋಟಾರ್ ಸೈಕಲ್ ನಿಲ್ಲಿಸಿಕೊಂಡು ಅದರ ಹಿಂದೆ ಕುಕ್ಕರುಗಾಲಲ್ಲಿ ಅವಿತಿದ್ದ. ಅವಿತರೂ ಮೀಸೆ ಕಾಣುತ್ತಿತ್ತು. ಬಾಳಪ್ಪಜ್ಜನ ಅಳಿಯ ಚನವೀರ. ಅವನ ಕೊರಳಿನಿಂದ ಒಂದು ಕುಡಿಕೆ ತೂಗಾಡುತ್ತಿತ್ತು. ನನ್ನದರಂಥದೇ ಕುಡಿಕೆ, ಅದೇ ಕೌದಿಯ ತುಂಡು.

ನಾನು ಕಾಲೂರಿ ನಿಂತೆ. "ಇದೇನೋ ಚನವೀರ?"

"ಅಕ್ಕಾ, ನೀ ಸಿಟ್ಟಾಗಬ್ಯಾಡ."

"ಇದೇನಂತ ಕೇಳಿದೆ."

ಅವನು ಕುಡಿಕೆಯನ್ನು ಕೈಯಿಂದ ಮುಚ್ಚಿಕೊಂಡ. "ಮಾವ ಕಳಿಸ್ಯಾನ. ಹಿರ್‍ಯಾರೆಲ್ಲಾ ಕೂಡೇ ಠರಾಯಿಸ್ಯಾರ. ನೀ ತಂದದ್ದು ಹುಳಿ ಆತಂದ್ರ ಇದನ್ನ ಹಾಕೂಣು ಅಂತ. ಬಂಡಿದಾರಿಲೆ ಹೋಗಿ ಬಂದೆ, ನಿನ್ನ ಕಣ್ಣಿಗೆ ಬೀಳಬಾರದಂತ. ಆ ಮುದುಕಿ ಬೈದು ಬೈದು ಕೊಟ್ಟಳು. ಇಲ್ಲಿ ಬಂದು ಚೈನು ಕಚ್ಚಿಕೊಂತು."

ಸುಣ್ಣದ ತಿಳಿಯಾದರೂ ಪರವಾಗಿಲ್ಲ, ಫಕೀರವ್ವನ ಮೊಸರು ಬೇಡ. ಅದು ಆ ಮಾತಿನ ಅರ್ಥ. ನಾನು ಊರು ಬಿಡುವ ಮೊದಲೇ ನನ್ನ ಹೆಪ್ಪನ್ನು ಚೆಲ್ಲಿ ಆಗಿತ್ತು. ನನಗೆ ಸಿಟ್ಟು ಬಂತು. ಬಂತು ಎಂದರೆ, ಅಲ್ಲಿಯವರೆಗೆ ನಾನು ಮಾಡಿದ್ದು ಸಿಟ್ಟೇ ಅಲ್ಲ ಎನ್ನುವಂತೆ ಬಂತು. ಅದರ ಜೊತೆಗೆ ಅಳುವೂ ಬಂತು, ಅದನ್ನು ಅವನಿಗೆ ತೋರಿಸಲಿಲ್ಲ. ಕುಡಿಕೆ ಹೊಟ್ಟೆಯ ಮೇಲೆ ಕುದಿಯುವ ಹಾಗೆ ಗುಳುಗುಳು ಎನ್ನುತ್ತಿತ್ತು. ಚನವೀರನಿಗೂ ಕೇಳಿಸಿರಬೇಕು, ಅವನ ಮುಖ ಬೆಳ್ಳಗಾಯಿತು.

ಸೈಕಲ್ ಹತ್ತಿ ಹೊರಟೆ. ಹತ್ತು ಮಾರು ಹೋಗಿ ತಿರುಗಿ ನೋಡಿದೆ. ಅವನು ಚೈನನ್ನು ಬರಿಗೈಯಲ್ಲಿ ಎಳೆಯುತ್ತಿದ್ದ, ಅದು ಬರುವಂತಿರಲಿಲ್ಲ. ಚೈನು ಎಂದರೆ ಚೈನು, ಸೈಕಲ್ಲಿನದಾದರೇನು, ಮೋಟಾರಿನದಾದರೇನು. ಕೆಟ್ಟ ಗಾಡಿಯೊಂದನ್ನು ದಾರಿಯಲ್ಲಿ ಬಿಟ್ಟು ನಾನು ಮುಂದೆ ಹೋದರೆ ಆಮೇಲೆ ಯಾವ ಮುಖದಿಂದ ಅಂಗಡಿಯ ಬಾಗಿಲು ತೆರೆಯುವುದು? ಮರಳಿ ಬಂದೆ. ಸೀಟಿನ ಕೆಳಗಿನ ಚೀಲದಿಂದ ಸ್ಕ್ರೂಡ್ರೈವರ್ ತೆಗೆದು, ಕಚ್ಚಿಕೊಂಡ ಕಡೆ ಮೀಟಿ, ಹಿಂದಿನ ಗಾಲಿಯನ್ನು ಉಲ್ಟಾ ತಿರುಗಿಸಿ ಚೈನನ್ನು ಹಲ್ಲಿನ ಮೇಲೆ ಕೂಡಿಸಿದೆ.

"ಹೋಗು. ನಿಧಾನ ಹೊಡಿ, ಚೈನು ಸಡಿಲೈತಿ."

"ಅಕ್ಕಾ, ನಾ ಮೊದಲ ಮುಟ್ಟಿದರ..."

"ಮುಟ್ಟು. ನಿಮ್ಮ ಮಾವಗ ಹೇಳು, ಗಾಡಿ ರಿಪೇರಿ ಫಕೀರವ್ವ ಮಾಡಿದ್ಲಂತ."

ಅವನು ಹೋದ. ಹೊಗೆ ಕರಗಿತು. ಆಗ ಎದುರುಗಾಳಿ ಎದ್ದಿತು, ಮಾಗಿಯ ಸಂಜೆಯ ಗಾಳಿ, ಮೂಗಿನೊಳಗೆ ಸೂಜಿ ಹಾಕಿದ ಹಾಗೆ. ಮುಂದೆ ಇಳಿಯೋ ದಿಬ್ಬ. ನಾನು ಸಮಾಧಾನ ಮಾಡಿಕೊಳ್ಳಲು ಹೋಗಲಿಲ್ಲ. ನೀ ಹ್ಯಾಂಗದಿ ಹಂಗ ಇರು ಎಂದಿದ್ದಳಲ್ಲ ಮುದುಕಿ. ಬಾಳಪ್ಪಜ್ಜನಿಗೆ ಒಂದು ತುಳಿತ, ಕಟ್ಟೆಯ ಮೇಲಿನ ಒಬ್ಬೊಬ್ಬರಿಗೂ ಒಂದೊಂದು ತುಳಿತ, ಶಾಂತ ಸ್ವಭಾವದವರು ಎಂದವನಿಗೆ ಎರಡು. ಸೀಟಿನಿಂದ ಎದ್ದು ನಿಂತು ತುಳಿದೆ. ಅರ್ಧ ದಿಬ್ಬಕ್ಕೆ ಬೈಯಲು ಹೆಸರುಗಳು ಮುಗಿದವು, ಉಸಿರೂ ಮುಗಿಯುವುದರಲ್ಲಿತ್ತು. ಇಳಿಯಬಹುದಿತ್ತು. ಎಲ್ಲರೂ ಇಳಿದಿದ್ದರು. ಅಪ್ಪ ಅವತ್ತು ಇಲ್ಲಿ ಇಳಿದು, ಸೈಕಲ್ಲಿಗೆ ಒರಗಿ ನಿಂತು ಅತ್ತಿರಬೇಕು ಎಂದು ನನಗೆ ಅನ್ನಿಸಿತು. ಅಪ್ಪಾ, ನೀ ಇಳಿದ ಜಾಗ ಇದು, ನಾ ಇಳಿಯೂದಿಲ್ಲ ಎಂದೆ. ಗಟ್ಟಿಯಾಗಿಯೇ ಎಂದೆ. ಸಿಟ್ಟೆಲ್ಲ ತೊಡೆಗೆ ಇಳಿದು ಅಲ್ಲೇ ಉರಿದುಹೋಯಿತು. ಆಮೇಲೆ ತುಳಿದದ್ದು ಸಿಟ್ಟಲ್ಲ.

ದಿಬ್ಬದ ನೆತ್ತಿಯ ಮೇಲೆ ಗಾಲಿ ಸಮತಟ್ಟಾದಾಗ ಕೆಳಗೆ ನಮ್ಮೂರು ಕಂಡಿತು. ಹೊತ್ತು ಮುಳುಗುತ್ತಿತ್ತು, ಒಂದೊಂದು ಮನೆಯಿಂದಲೂ ಒಲೆಯ ಹೊಗೆ ಏಳುತ್ತಿತ್ತು. ಆ ದಿಬ್ಬವನ್ನು ಇಳಿಯದೆ ಹತ್ತಿದವರು ಯಾರೂ ಇರಲಿಲ್ಲ, ನೋಡಿದವರೂ ಯಾರೂ ಇರಲಿಲ್ಲ. ನನಗೆ ನಾನೇ ಸಾಕ್ಷಿ. ಕುಡಿಕೆಯ ಗುಳುಗುಳು ನಿಂತಿತ್ತು. ಹೊಟ್ಟೆಯ ಮೇಲೆ ಕೈಯಿಟ್ಟೆ, ಮಲಗಿದ ಕೂಸಿನ ಮೈಯಷ್ಟು ಬೆಚ್ಚಗಿತ್ತು. ನನಗೆ ನನ್ನ ಬಗ್ಗೆ ಎಷ್ಟು ಹೆಮ್ಮೆಯಾಯಿತೆಂದರೆ, ನಾಚಿಕೆ ಬಿಟ್ಟು ಹೇಳುತ್ತೇನೆ, ಅಂಥ ಹೆಮ್ಮೆ ಎಲ್ಲರಿಗೂ ಒಮ್ಮೆಯಾದರೂ ಆಗಬೇಕು.

ಕಟ್ಟೆಯ ಮುಂದೆ ಇಡೀ ಊರು ಹಾಲಿನ ಪಾತ್ರೆ ಹಿಡಿದು ನಿಂತಿತ್ತು. ಚನವೀರನ ಕುಡಿಕೆ ಬಾಳಪ್ಪಜ್ಜನ ಪಕ್ಕದಲ್ಲಿ ಕುಳಿತಿತ್ತು. ಅದನ್ನು ಕಂಡ ಜನ ನನ್ನ ಮುಖ ನೋಡಲಾರದೆ ಕಾಲು ನೋಡುತ್ತಿದ್ದರು. ನಾನು ನನ್ನ ಕುಡಿಕೆ ಬಿಚ್ಚಿ ಕಟ್ಟೆಯ ಮೇಲಿಟ್ಟೆ.

ಬಾಳಪ್ಪಜ್ಜ ಕೆಮ್ಮಿದ. "ಖರೇ ಹೇಳು ತಂಗಿ. ದಾರ್‍ಯಾಗ ಸಿಟ್ಟು ಬಂತೇನು?"

ಇಲ್ಲ ಎನ್ನಬಹುದಿತ್ತು. ಆದರೆ ಸುಳ್ಳು ಹೇಳಿ ನನ್ನ ಹೆಪ್ಪನ್ನು ಊರಿಗೆ ಉಣಿಸುವ ದರ್ದು ನನಗಿರಲಿಲ್ಲ. "ಬಂತ್ರಿ. ನಿಮ್ಮ ಮ್ಯಾಲೇ ಬಂತು. ಬರಬಾರದಂಥಾ ಸಿಟ್ಟು ಬಂತು. ಅದರ ಮ್ಯಾಲೆ ದಿಬ್ಬ ಏರಿದೆ, ಇಳೀಲಿಲ್ಲ. ಈ ಕುಡಿಕ್ಯಾಗ ಏನೈತೋ ನಂಗ ಗೊತ್ತಿಲ್ಲ. ಆದರ ಅದು ಖರೇ ಐತಿ. ಬೇಕಾದವರು ಒಯ್ಯಿರಿ, ಬ್ಯಾಡಾದವರಿಗೆ ಅಲ್ಲಿ ಐತಲ್ಲ ಸುಣ್ಣ."

ಜನ ಒಬ್ಬರ ಪಾತ್ರೆಯನ್ನು ಒಬ್ಬರು ನೋಡಿದರು. ಹಾಲು ಆರುತ್ತಿತ್ತು. ಒಂದಿಬ್ಬರು ಚನವೀರನ ಕುಡಿಕೆಯ ಕಡೆಗೆ ಜರುಗಿದರು. ಆಗ ಜನರ ನಡುವಿನಿಂದ ದುಂಡವ್ವ ಬಂದಳು. ಈಗ ಅವಳಿಗೆ ಸೊಂಟ ಬಗ್ಗಿದೆ, ಕಣ್ಣು ಮಂಜು. ಹಿತ್ತಾಳೆಯ ಚರಿಗೆಯನ್ನು ತಡವಿಕೊಂಡು ನನ್ನ ಕುಡಿಕೆಯ ಮುಂದೆ ಚಾಚಿದಳು.

"ಇವರಪ್ಪ ನೀರು ತಂದಾಗ ಉಂಡೇವಿ. ಆಗ ನಮಗ ಬಾಯಿ ಇತ್ತಿಲ್ಲೋ? ದುಃಖ ಉಂಡವರಿಗೆ ಸಿಟ್ಟು ಉಣ್ಣಾಕ ಏನು ಧಾಡಿ? ಹಾಕವ್ವಾ."

ನಾನು ಒಂದು ಚಮಚ ಹಾಕಿದೆ. ಅವಳ ಹಿಂದೆ ಗದ್ದಕ್ಕೆ ಬಟ್ಟೆ ಕಟ್ಟಿಕೊಂಡ ಗುರುಸಿದ್ದ ಬಂದು, ಮಾತಾಡಲಾರದೆ ಕಣ್ಣಲ್ಲೇ ನಕ್ಕು ತಂಬಿಗೆ ಒಡ್ಡಿದ. ಅವನ ಹಿಂದೆ ಚನವೀರ, ಮಾವನ ಎದುರಿಗೇ. ಆಮೇಲೆ ಸಾಲು ಕಟ್ಟಿತು. ಎಲ್ಲರಿಗಿಂತ ಕೊನೆಗೆ ಬಾಳಪ್ಪಜ್ಜ ಬಂದ. ಕುಡಿಕೆಯ ತಳ ಕೆರೆದು ಅವನಿಗೂ ಹಾಕಿದೆ.

ಮರುದಿನ ಬೆಳಗ್ಗೆ ನನ್ನ ಗಡಿಗೆಯ ಮುಚ್ಚಳ ತೆಗೆಯಲು ಧೈರ್ಯವಾಗದೆ ಅದರ ಮುಂದೆ ಸುಮ್ಮನೆ ಕುಳಿತಿದ್ದೆ. ಹೊರಗೆ ಗದ್ದಲ ಕೇಳಿ ಬಾಗಿಲಿಗೆ ಬಂದರೆ ಬೀದಿಯಲ್ಲಿ ಬಾಳಪ್ಪಜ್ಜ. ಮೊಸರಿನ ಬೋಗುಣಿಯನ್ನು ಬೋರಲಾಗಿ ತಲೆಯ ಮೇಲೆ ಎತ್ತಿ ಹಿಡಿದುಕೊಂಡು ಬರುತ್ತಿದ್ದಾನೆ. ತನ್ನ ಮನೆಯಿಂದ ಪೇಟೆ ಹಾಯ್ದು ನನ್ನ ಮನೆಯವರೆಗೆ ಹಾಗೇ ಬಂದಿದ್ದ. ಹಿಂದೆ ಅರ್ಧ ಊರು.

"ಬೀಳವಲ್ದು ಫಕೀರವ್ವಾ! ನೋಡಿಲ್ಲಿ, ಬೀಳವಲ್ದು!"

ಒಳಗೆ ಹೋಗಿ ನನ್ನ ಗಡಿಗೆ ತೆರೆದೆ. ಚಾಕುವಿನಿಂದ ಕೊಯ್ದು ತೆಗೆಯುವಂಥ ಮೊಸರು. ಒಂದು ತುಂಡನ್ನು ರೊಟ್ಟಿಯ ಮೇಲಿಟ್ಟು ಬಾಯಿಗೆ ಹಾಕಿಕೊಂಡೆ. ಮೊದಲು ನಾಲಗೆಗೆ ಚುರುಕ್ ಎಂದಿತು, ಆಮೇಲೆ ತಂಪಾಗಿ ಇಳಿಯಿತು, ಇಳಿದ ಮೇಲೆ ಬೆನ್ನು ತಾನಾಗಿ ನೆಟ್ಟಗಾಯಿತು. ಅಪ್ಪ, ನಿನ್ನ ನೀರು ಉಂಡವರಿಗೆ ಇದು ಎಂದುಕೊಂಡೆ. ಆಗ ಮಾತ್ರ ಅತ್ತೆ, ಹೊಟ್ಟೆ ತುಂಬ.

ಆ ಮೊಸರು ಉಂಡ ವರ್ಷ ನಮ್ಮೂರಲ್ಲಿ ಯಾರೂ ತಲೆತಗ್ಗಿಸಿ ನಡೆಯಲಿಲ್ಲ. ಗುರುಸಿದ್ದ ಕಾಲು ತುಳಿದವನನ್ನು ಮೊದಲ ಸಲ ಬೈದ. ದುಂಡವ್ವ ಕೋಲು ಮೂಲೆಗಿಟ್ಟಳು. ಸಂತೆಯಲ್ಲಿ ನಮ್ಮೂರ ಹೆಂಗಸರ ಎದುರು ಚೌಕಾಶಿ ಮಾಡುವುದನ್ನು ಪರವೂರಿನವರು ಬಿಟ್ಟುಬಿಟ್ಟರು.

ಈಗ ಮತ್ತೆ ಮಾಗಿ ಬಂದಿದೆ. ನಿನ್ನೆ ಹೆಪ್ಪು ಸತ್ತಿತು. ಗುರುಸಿದ್ದನ ಗದ್ದ ಎಂದೋ ಇಳಿದಿದೆ, ಆದರೆ ಅವನನ್ನು ಯಾರೂ ಕೇಳಲಿಲ್ಲ. ನಾಳೆ ಬೆಳಗ್ಗೆ ನಾನು ಹೊರಡುತ್ತೇನೆ. ಹಿರಿಯರೆಲ್ಲ ಕಟ್ಟೆಯ ಮೇಲೆ ಗುಟ್ಟಾಗಿ ಸೇರಿ, ನನಗೆ ಸಾಕಷ್ಟು ಸಿಟ್ಟು ಬರದಿದ್ದರೆ ಏನು ಗತಿ ಎಂದು ಚಿಂತೆ ಮಾಡಿದರಂತೆ. ನಾನು ವಾಪಸ್ ಬರುವ ಹೊತ್ತಿಗೆ ಇಳಿಯೋ ದಿಬ್ಬದ ಬುಡದಲ್ಲಿ ಬ್ಯಾಂಡಿನವನನ್ನು ನಿಲ್ಲಿಸಿ ಅದೇ ಹಾಡು ಊದಿಸುವುದೆಂದು ತೀರ್ಮಾನವಾಗಿದೆ ಎಂದು ಚನವೀರ ಬಂದು ಹೇಳಿಹೋದ.

ಊದಲಿ. ದಿಬ್ಬದ ಮೇಲಿನಿಂದ ನಾನೂ ಗಂಟೆ ಬಾರಿಸುತ್ತೇನೆ.